ಖಾತೆ ನಿಮ್ಮದೇ ಅಂತ ಕಂಪನಿಗೆ ಹೇಗೆ ಗೊತ್ತಾಗಬೇಕು?

2025ರ ಸೆಪ್ಟೆಂಬರ್‌ನಲ್ಲಿ ನಟಿ ಪ್ರಿಯಾಂಕಾ ಉಪೇಂದ್ರ ಅವರಿಗೆ ಒಂದು ಕರೆ ಬಂತು. ಆನ್‌ಲೈನ್‌ನಲ್ಲಿ ತರಿಸಿದ್ದ ವಸ್ತುವಿನ ಡೆಲಿವರಿ ವಿಷಯ. ಸ್ಟಾರ್, ಹ್ಯಾಶ್ ಇರುವ ಒಂದು ನಂಬರ್ ಒತ್ತಿ ಅಂದರು, ಇವರು ಒತ್ತಿದರು. ಸ್ವಲ್ಪ ಹೊತ್ತಿಗೆಲ್ಲ ಅವರ ವಾಟ್ಸಾಪ್ ಬೇರೆಯವರ ಕೈಯಲ್ಲಿತ್ತು. ಪರಿಚಯದವರಿಗೆ ಅವರದೇ ಹೆಸರಲ್ಲಿ ದುಡ್ಡು ಕೇಳುವ ಮೆಸೇಜ್ ಹೋಯಿತು, ಕೆಲವರು ಕಳಿಸಿಯೂ ಬಿಟ್ಟರು. ಅದೇ ಗಡಿಬಿಡಿಯಲ್ಲಿ ಉಪೇಂದ್ರ ಅವರ ಫೋನೂ ಸಿಕ್ಕಿಹಾಕಿಕೊಂಡಿತು. ಇಬ್ಬರೂ ವಿಡಿಯೊ ಮಾಡಿ ಜನರನ್ನು ಎಚ್ಚರಿಸಿದರು, ಪೊಲೀಸರಿಗೆ ದೂರು ಕೊಟ್ಟರು.

ಒಂದು ನಂಬರ್ ಒತ್ತಿದ್ದಕ್ಕೆ ವಾಟ್ಸಾಪ್ ಹೇಗೆ ಹೋಗುತ್ತದೆ? ತುಂಬಾ ಜನ ಇಲ್ಲೇ ತಲೆ ಕೆರೆದುಕೊಳ್ಳುತ್ತಾರೆ. ಸ್ಟಾರ್ 21 ಸ್ಟಾರ್, ಸ್ಟಾರ್ 401 ಸ್ಟಾರ್ ಅಂತ ಶುರುವಾಗುವ ಕೋಡ್‌ಗಳು ಕಾಲ್ ಫಾರ್ವರ್ಡ್ ಮಾಡುವ ಕೋಡ್‌ಗಳು. ಅದರ ಹಿಂದೆ ಅವರು ಹೇಳುವ ಹತ್ತು ಅಂಕಿ ಇದೆಯಲ್ಲ, ಅದು ಅವರ ನಂಬರ್. ಒತ್ತಿದ ಕ್ಷಣದಿಂದ ನಿಮಗೆ ಬರಬೇಕಾದ ಕರೆ ಅವರಿಗೆ ಹೋಗುತ್ತದೆ. ಆಗ ಅವರು ತಮ್ಮ ಫೋನ್‌ನಲ್ಲಿ ವಾಟ್ಸಾಪ್ ಹಾಕಿಕೊಂಡು ನಿಮ್ಮ ನಂಬರ್ ಕೊಡುತ್ತಾರೆ. ವಾಟ್ಸಾಪ್ 6 ಅಂಕಿಯ ಕೋಡನ್ನು ಮೊದಲು ಎಸ್ಸೆಮ್ಮೆಸ್‌ನಲ್ಲಿ ಕಳಿಸುತ್ತದೆ, ಅದು ನಿಮ್ಮ ಫೋನ್‌ಗೇ ಬರುತ್ತದೆ. ಅವರು "ನನಗೆ ಕರೆ ಮಾಡಿ ಹೇಳಿ" ಅನ್ನುವ ಆಯ್ಕೆ ಒತ್ತುತ್ತಾರೆ. ವಾಟ್ಸಾಪ್‌ನ ಯಂತ್ರದ ದನಿ ನಿಮ್ಮ ನಂಬರ್‌ಗೆ ಕರೆ ಮಾಡುತ್ತದೆ, ಕರೆ ಅವರ ಫೋನ್‌ನಲ್ಲಿ ಎದ್ದೇಳುತ್ತದೆ, ಆರು ಅಂಕಿಗಳನ್ನು ಅವರ ಕಿವಿಗೆ ಓದಿ ಹೇಳುತ್ತದೆ. ನೀವು ಯಾರಿಗೂ ಒಟಿಪಿ ಹೇಳಿಲ್ಲ. ಆದರೂ ಒಟಿಪಿ ಹೋಯಿತು. ಹೀಗೆ ಕೋಡ್ ಒತ್ತಿ ಫಾರ್ವರ್ಡ್ ಮಾಡುವ ಸೌಲಭ್ಯವನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸಿ ಅಂತ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿತ್ತು. ಆದರೂ ಈ ಕರೆಗಳು ನಿಂತಿಲ್ಲ.

ಈ ಕಥೆಯಲ್ಲಿ ವಾಟ್ಸಾಪ್ ಮೋಸ ಹೋಗಿಲ್ಲ ಅನ್ನುವುದನ್ನು ಗಮನಿಸಿ. ಅದು ತನ್ನ ನಿಯಮದಂತೆಯೇ ನಡೆದುಕೊಂಡಿದೆ. ಈ ನಂಬರ್‌ಗೆ ಬಂದ ಕೋಡ್ ಯಾರ ಹತ್ತಿರ ಇದೆಯೋ ಅವರೇ ಮಾಲೀಕರು, ಅಷ್ಟೇ ಅದರ ಲೆಕ್ಕ. ನಿಮ್ಮ ಮುಖ, ನಿಮ್ಮ ಹೆಸರು, ಹತ್ತು ವರ್ಷದ ನಿಮ್ಮ ಫೋಟೋ ಯಾವುದೂ ಅದಕ್ಕೆ ಬೇಕಿಲ್ಲ.

ಬೇರೆ ಜಾಲತಾಣಗಳ ಲೆಕ್ಕವೂ ಹೆಚ್ಚುಕಡಿಮೆ ಇದೇ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಗೂಗಲ್, ಎಕ್ಸ್, ಯಾರಿಗೂ ನೀವು ಯಾರು ಅಂತ ಕಾಣಿಸುವುದಿಲ್ಲ. ಕಾಣಿಸುವುದು ಸಾಕ್ಷಿಗಳು ಮಾತ್ರ. ಪಾಸ್‌ವರ್ಡ್ ಗೊತ್ತಾ? ನೋಂದಾಯಿಸಿದ ನಂಬರ್‌ಗೆ ಬಂದ ಕೋಡ್ ಹೇಳಬಲ್ಲಿರಾ? ಆ ಇಮೇಲ್ ತೆರೆಯಬಲ್ಲಿರಾ? ದಿನಾ ಬಳಸುವ ಫೋನೇನಾ ಇದು, ದಿನಾ ಇರುವ ಊರೇನಾ? ಪಾಸ್‌ವರ್ಡ್ ಮರೆತ ನಿಜವಾದ ಮಾಲೀಕನೂ, ಖಾತೆ ಕದಿಯಲು ಬಂದವನೂ "ಪಾಸ್‌ವರ್ಡ್ ಮರೆತಿದ್ದೇನೆ" ಅನ್ನುವ ಅದೇ ಬಾಗಿಲು ತಟ್ಟುತ್ತಾರೆ. ಯಾರ ಕೈಯಲ್ಲಿ ಸಾಕ್ಷಿ ಜಾಸ್ತಿ ಇದೆಯೋ ಅವರಿಗೆ ಬಾಗಿಲು ತೆರೆಯುತ್ತದೆ. ಖಾತೆ ವಾಪಸ್ ಪಡೆಯುವುದು ಅಂದರೆ ಕಳ್ಳನಿಗಿಂತ ಗಟ್ಟಿ ಸಾಕ್ಷಿ ತೋರಿಸುವುದು. ಕಾಪಾಡಿಕೊಳ್ಳುವುದು ಅಂದರೆ ಆ ಸಾಕ್ಷಿಗಳು ಬೇರೆಯವರ ಕೈಗೆ ಹೋಗದಂತೆ ನೋಡಿಕೊಳ್ಳುವುದು. ಮುಂದೆ ಹೇಳುವುದೆಲ್ಲ ಈ ಎರಡು ಮಾತಿನ ವಿವರವೇ.

ಹೋಗುವ ದಾರಿಗಳು

ಖಾತೆ ಹೇಗೆ ಹೋಯಿತು ಅಂತ ತಿಳಿಯದೆ ವಾಪಸ್ ಪಡೆಯಲು ಹೊರಟರೆ ಅರ್ಧ ದಿನಕ್ಕೆ ಮತ್ತೆ ಹೋಗುತ್ತದೆ. ಅದಕ್ಕೇ ಮೊದಲು ಕೂತು ನೆನಪಿಸಿಕೊಳ್ಳಿ. ಹಿಂದಿನ ಎರಡು ಮೂರು ದಿನದಲ್ಲಿ ಏನು ಒತ್ತಿದಿರಿ, ಏನು ಇಳಿಸಿಕೊಂಡಿರಿ, ಯಾರಿಗೆ ಏನು ಹೇಳಿದಿರಿ?

ಹಳೇ ದಾರಿ ಅಂದರೆ ನಕಲಿ ಲಾಗಿನ್ ಪುಟ. ಇನ್‌ಸ್ಟಾಗ್ರಾಮ್‌ನಲ್ಲಿ ಸ್ವಲ್ಪ ಫಾಲೋವರ್ಸ್ ಇರುವವರಿಗೆ ಇದು ಚೆನ್ನಾಗಿ ಗೊತ್ತು. "ನಿಮ್ಮ ಪೋಸ್ಟ್ ಕಾಪಿರೈಟ್ ಉಲ್ಲಂಘಿಸಿದೆ, 24 ಗಂಟೆಯಲ್ಲಿ ಖಾತೆ ಅಳಿಸಲಾಗುವುದು, ಆಕ್ಷೇಪಣೆ ಇದ್ದರೆ ಇಲ್ಲಿ ಒತ್ತಿ" ಅಂತ ಡಿಎಂ ಬರುತ್ತದೆ. ಒತ್ತಿದರೆ ಇನ್‌ಸ್ಟಾಗ್ರಾಮ್‌ನದೇ ಅನಿಸುವ ಪುಟ. ಅಲ್ಲಿ ಹಾಕಿದ ಪಾಸ್‌ವರ್ಡ್ ಸೀದಾ ಅವರಿಗೆ ಹೋಗುತ್ತದೆ. ಪಾಸ್‌ವರ್ಡ್ ಆದಮೇಲೆ ಒಟಿಪಿಯನ್ನೂ ಅದೇ ಪುಟ ಕೇಳುತ್ತದೆ, ಅದನ್ನು ಅವರು ಆ ಕ್ಷಣವೇ ನಿಜವಾದ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕುತ್ತಾರೆ. ಕಂಪನಿ ಇಂಥ ವಿಷಯಕ್ಕೆ ಡಿಎಂ ಕಳಿಸುವುದಿಲ್ಲ. ಇನ್‌ಸ್ಟಾಗ್ರಾಮ್‌ನ ಸೆಟ್ಟಿಂಗ್ಸ್ ಒಳಗೆ, ಕಳೆದ 14 ದಿನದಲ್ಲಿ ತಾನು ನಿಜವಾಗಿ ಕಳಿಸಿದ ಇಮೇಲ್‌ಗಳ ಪಟ್ಟಿ ಇರುತ್ತದೆ. ಅಲ್ಲಿ ಇಲ್ಲದ ಇಮೇಲ್ ಸುಳ್ಳು.

ಎರಡನೆಯದು ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್. ಇದು ಒಂದು ಲೆಕ್ಕದಲ್ಲಿ ಒಟಿಪಿ ಕಳ್ಳತನಕ್ಕಿಂತ ಕೆಟ್ಟದ್ದು. ಒಟಿಪಿ ಕದ್ದರೆ ನಿಮ್ಮ ವಾಟ್ಸಾಪ್ ಲಾಗ್‌ಔಟ್ ಆಗುತ್ತದೆ, ನಿಮಗೆ ತಕ್ಷಣ ಗೊತ್ತಾಗುತ್ತದೆ. ಹಳೇ ಚಾಟ್‌ಗಳು ನಿಮ್ಮ ಫೋನ್‌ನಲ್ಲೇ ಇರುವುದರಿಂದ ಕಳ್ಳನಿಗೆ ಅವು ಸಿಗುವುದೂ ಇಲ್ಲ. ಆದರೆ ಯಾರೋ ಕಳಿಸಿದ ಕ್ಯೂಆರ್ ಸ್ಕ್ಯಾನ್ ಮಾಡಿದರೆ, ಅಥವಾ "ವೆರಿಫೈ ಮಾಡಿ" ಅಂದ ಪುಟದಲ್ಲಿ ಕಂಡ 8 ಅಕ್ಷರದ ಕೋಡನ್ನು ನಿಮ್ಮ ವಾಟ್ಸಾಪ್‌ನಲ್ಲಿ ಹಾಕಿದರೆ, ಕಳ್ಳನ ಕಂಪ್ಯೂಟರ್ ನಿಮ್ಮ ವಾಟ್ಸಾಪ್‌ಗೆ ಜೋಡಣೆ ಆಗುತ್ತದೆ. ನಿಮ್ಮ ಫೋನ್‌ನಲ್ಲಿ ಏನೂ ಬದಲಾಗುವುದಿಲ್ಲ. ನಿಮ್ಮ ಚಾಟ್ ಅವನೂ ಓದುತ್ತಿರುತ್ತಾನೆ, ನಿಮ್ಮ ಹೆಸರಲ್ಲಿ ಬರೆಯುತ್ತಲೂ ಇರುತ್ತಾನೆ. ಆಫೀಸ್ ಕಂಪ್ಯೂಟರ್‌ನಲ್ಲೋ ಜೆರಾಕ್ಸ್ ಅಂಗಡಿಯಲ್ಲೋ ವಾಟ್ಸಾಪ್ ವೆಬ್ ತೆರೆದು ಹಾಗೇ ಬಿಟ್ಟು ಬಂದವರದ್ದೂ ಇದೇ ಪರಿಸ್ಥಿತಿ.

ಮೂರನೆಯದು ಎಪಿಕೆ ಫೈಲ್, ಅಂದರೆ ಆಂಡ್ರಾಯ್ಡ್ ಫೋನ್‌ನಲ್ಲಿ ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲ್. ಮದುವೆ ಆಮಂತ್ರಣ, ಟ್ರಾಫಿಕ್ ದಂಡದ ಚಲನ್, ಬ್ಯಾಂಕ್ ಕೆವೈಸಿ ಅಂತೆಲ್ಲ ಹೆಸರಿಟ್ಟುಕೊಂಡು ವಾಟ್ಸಾಪ್‌ನಲ್ಲೇ ಬರುತ್ತದೆ. ಆಮಂತ್ರಣ ಪತ್ರಿಕೆ ಫೋಟೋ ಆಗಿರಬಹುದು, ಪಿಡಿಎಫ್ ಆಗಿರಬಹುದು, ಇನ್‌ಸ್ಟಾಲ್ ಮಾಡುವ ಆ್ಯಪ್ ಆಗಿರಲು ಯಾವ ಕಾರಣವೂ ಇಲ್ಲ. ಇದು ಒಳಗೆ ಕೂತು ಎಸ್ಸೆಮ್ಮೆಸ್ ಓದುವ ಅನುಮತಿ ಪಡೆದರೆ ಬರುವ ಒಟಿಪಿಗಳೆಲ್ಲ ಅತ್ತ ಹೋಗುತ್ತವೆ. ಇಂಥ ಫೋನ್‌ನಲ್ಲಿ ಕೂತು ಎಷ್ಟು ಸಲ ಪಾಸ್‌ವರ್ಡ್ ಬದಲಿಸಿದರೂ ಪ್ರಯೋಜನವಿಲ್ಲ.

ನಾಲ್ಕನೆಯದು ಯೂಟ್ಯೂಬ್ ಚಾನೆಲ್ ನಡೆಸುವವರನ್ನು ಹುಡುಕಿಕೊಂಡು ಬರುತ್ತದೆ. 2024ರ ಸೆಪ್ಟೆಂಬರ್ 20ರಂದು ನಮ್ಮ ಸುಪ್ರೀಂ ಕೋರ್ಟ್‌ನ ಯೂಟ್ಯೂಬ್ ಚಾನೆಲ್‌ನಲ್ಲೇ ಕ್ರಿಪ್ಟೊ ವಿಡಿಯೊ ಓಡುತ್ತಿತ್ತು. ದೊಡ್ಡವರ ಚಾನೆಲ್‌ಗೂ ಈ ಗತಿ. ಚಾನೆಲ್‌ಗಳನ್ನು ಕದಿಯುವ ಒಂದು ಪರಿಚಿತ ದಾರಿ ಕುಕಿ ಕಳ್ಳತನ. 2023ರ ಮಾರ್ಚ್‌ನಲ್ಲಿ ಕೆನಡಾದ ಲೈನಸ್ ಟೆಕ್ ಟಿಪ್ಸ್ ಚಾನೆಲ್‌ ಹೀಗೇ ಹೋಗಿತ್ತು, ಅದೂ ತಂತ್ರಜ್ಞಾನವನ್ನೇ ಅರೆದು ಕುಡಿದವರ ಚಾನೆಲ್. ಪ್ರಾಯೋಜಕರಿಂದ ಬಂದ ಪತ್ರದಂತೆ ಕಂಡ ಫೈಲನ್ನು ಅಲ್ಲಿನ ಸಿಬ್ಬಂದಿಯೊಬ್ಬರು ತೆರೆದರು. ಅದು ಬ್ರೌಸರ್‌ನಲ್ಲಿದ್ದ ಲಾಗಿನ್ ಗುರುತುಗಳನ್ನು ಹೊತ್ತೊಯ್ದಿತು. ನೀವು ಒಮ್ಮೆ ಲಾಗಿನ್ ಆದಮೇಲೆ ಪ್ರತಿ ಸಲ ಪಾಸ್‌ವರ್ಡ್ ಕೇಳುವುದಿಲ್ಲ ಅಲ್ವಾ? ಯಾಕೆಂದರೆ ಬ್ರೌಸರ್ ಹತ್ತಿರ "ಇವರು ಆಗಲೇ ಒಳಗೆ ಬಂದಿದ್ದಾರೆ" ಅನ್ನುವ ಗುರುತು ಇರುತ್ತದೆ, ಕುಕಿ ಅಂದರೆ ಅದೇ. ಅದನ್ನು ಕದ್ದವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಬ್ರ್ಯಾಂಡ್ ಡೀಲ್ ಅಂತ ಬರುವ ಜಿಪ್ ಫೈಲ್, ಪುಕ್ಕಟೆ ಸಿಗುವ ಕಳ್ಳ ಎಡಿಟಿಂಗ್ ಸಾಫ್ಟ್‌ವೇರ್, ಎರಡರಿಂದಲೂ ದೂರ ಇರಿ.

ಮೊದಲು ಮೇಲ್, ಆಮೇಲೆ ಉಳಿದದ್ದು

ಇನ್‌ಸ್ಟಾಗ್ರಾಮ್ ಹೋಯಿತು ಅಂದ ತಕ್ಷಣ ಎಲ್ಲರೂ ಇನ್‌ಸ್ಟಾಗ್ರಾಮ್‌ಗೇ ಓಡುತ್ತಾರೆ. ಸಹಜ. ಆದರೆ ಇನ್‌ಸ್ಟಾಗ್ರಾಮ್‌ನ ಹಿಂದೆ ಇಮೇಲ್ ಇದೆ, ಇಮೇಲ್‌ನ ಹಿಂದೆ ಫೋನ್ ನಂಬರ್ ಇದೆ, ನಂಬರ್ ಇರುವುದು ಫೋನ್‌ನಲ್ಲಿ. ಬುಡದಿಂದ ಸರಿಮಾಡುತ್ತಾ ಬರಬೇಕು.

ಎಪಿಕೆ ಏನಾದರೂ ಹಾಕಿದ್ದರೆ ಮೊದಲು ಆ ಫೋನ್‌ನ ಇಂಟರ್ನೆಟ್ ಆರಿಸಿ. ಮನೆಯವರ ಬೇರೆ ಫೋನ್‌ನಿಂದ ಕೆಲಸ ಶುರು ಮಾಡಿ, ಸಿಮ್ ತೆಗೆದು ಅದಕ್ಕೆ ಹಾಕಿಕೊಳ್ಳಿ. ಹಾಳಾದ ಫೋನ್‌ನಿಂದ ಫೋಟೋ ಮುಂತಾದವನ್ನು ಉಳಿಸಿಕೊಂಡು ಫ್ಯಾಕ್ಟರಿ ರಿಸೆಟ್ ಮಾಡುವುದೇ ಸರಿ. ಎಪಿಕೆಯ ಐಕಾನ್ ಕಾಣಿಸದಂತೆ ಅಡಗಿಕೊಳ್ಳುವುದೂ ಇದೆ, ಹಾಗಾಗಿ ಸುಮ್ನೆ ಅನ್‌ಇನ್‌ಸ್ಟಾಲ್ ಮಾಡಿದೆ ಅಂತ ನೆಮ್ಮದಿಯಾಗಿ ಕೂರಬೇಡಿ.

ನಂಬರ್ ವಿಷಯಕ್ಕೆ ಬಂದರೆ, ಕಾಲ್ ಫಾರ್ವರ್ಡ್ ಆಗಿದೆಯಾ ನೋಡಿ. *#21# ಒತ್ತಿದರೆ ತೋರಿಸುತ್ತದೆ, ##002# ಒತ್ತಿದರೆ ಎಲ್ಲ ಫಾರ್ವರ್ಡ್ ರದ್ದಾಗುತ್ತದೆ. ನಿಮ್ಮ ಕಂಪನಿಯ ಸಿಮ್‌ನಲ್ಲಿ ಇದು ನಡೆಯದಿದ್ದರೆ ಫೋನ್‌ನ ಕರೆ ಸೆಟ್ಟಿಂಗ್ಸ್‌ನಲ್ಲೇ ಕಾಲ್ ಫಾರ್ವರ್ಡಿಂಗ್ ಅಂತ ಇದೆ, ಇಲ್ಲವೇ ಕಸ್ಟಮರ್ ಕೇರ್‌ಗೆ ಹೇಳಿ ತೆಗೆಸಿ. ಇದ್ದಕ್ಕಿದ್ದಂತೆ ನೆಟ್‌ವರ್ಕೇ ಹೋಗಿ ಗಂಟೆಗಟ್ಟಲೆ ಬರದಿದ್ದರೆ ಬೇರೆಯದೇ ಅನುಮಾನ ಪಡಬೇಕು. ನಿಮ್ಮ ನಂಬರ್‌ಗೆ ಇನ್ಯಾರೋ ಹೊಸ ಸಿಮ್ ತೆಗೆದಿರಬಹುದು. ಬೇರೆ ಫೋನ್‌ನಿಂದ ಕಂಪನಿಗೆ ಕರೆ ಮಾಡಿ ನಂಬರ್ ನಿಲ್ಲಿಸಿ, ಗುರುತಿನ ಚೀಟಿ ಹಿಡಿದು ಅಂಗಡಿಗೆ ಹೋಗಿ.

ಈಗ ಇಮೇಲ್. ಜಿಮೇಲ್ ಒಳಗೆ ಹೋಗಲು ಆಗುತ್ತಿದ್ದರೆ ಅದೃಷ್ಟ, ಪಾಸ್‌ವರ್ಡ್ ಬದಲಿಸಿ. ಆಗದಿದ್ದರೆ ಗೂಗಲ್‌ನ ಅಕೌಂಟ್ ರಿಕವರಿ ಪುಟಕ್ಕೆ ಹೋಗಿ. ಅಲ್ಲಿ ಸಾಕ್ಷಿಯ ಆಟ ಶುರು. ಮನೆಯಲ್ಲಿ ಕೂತು, ಮನೆಯ ವೈಫೈನಲ್ಲಿ, ದಿನಾ ಬಳಸುವ ಫೋನ್ (ಎಪಿಕೆ ಹೊಕ್ಕ ಫೋನ್ ಬೇಡ) ಅಥವಾ ಲ್ಯಾಪ್‌ಟಾಪ್‌ನಿಂದಲೇ ಪ್ರಯತ್ನಿಸಿ. ಹೊಸ ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ನೆನಪಿರುವ ಹಳೆಯದನ್ನೇ ಹಾಕಿ, ಅದೂ ಸಾಕ್ಷಿಯೇ. ಸೈಬರ್ ಕೆಫೆಯಲ್ಲಿ ಕೂತು, ಗೆಳೆಯನ ಫೋನ್ ಹಿಡಿದು ಹತ್ತು ಸಲ ಒತ್ತಿದರೆ ನೀವೇ ಕಳ್ಳನ ಥರ ಕಾಣುತ್ತೀರಿ. ಕಳ್ಳ ನಿಮ್ಮ ರಿಕವರಿ ನಂಬರ್ ಬದಲಿಸಿದ್ದರೂ ಹಳೇ ನಂಬರ್‌ಗೆ ಕೋಡ್ ಕಳಿಸುವ ಅವಕಾಶವನ್ನು ಗೂಗಲ್ 7 ದಿನದವರೆಗೆ ಕೊಡಬಹುದು. ಆ ವಾರ ಅಮೂಲ್ಯ. ನಾಳೆ ನೋಡೋಣ ಅನ್ನಬೇಡಿ.

ಮೇಲ್ ಸಿಕ್ಕಮೇಲೆ ಹೆಚ್ಚಿನವರು ಮರೆಯುವ ಒಂದು ಕೆಲಸ ಇದೆ. ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು ಮೇಲೆ ಬಲಗಡೆ ಇರುವ ಹಲ್ಲುಚಕ್ರದ ಗುರುತು ಒತ್ತಿ, ಎಲ್ಲ ಸೆಟ್ಟಿಂಗ್ಸ್ ತೆರೆಯಿರಿ. ಅಲ್ಲಿ ಫಿಲ್ಟರ್ಸ್ ಅಂತ ಒಂದು ಭಾಗ, ಫಾರ್ವರ್ಡಿಂಗ್ ಅಂತ ಇನ್ನೊಂದು ಭಾಗ ಇದೆ. ನೀವು ಹಾಕದ ಫಿಲ್ಟರ್ ಏನಾದರೂ ಕಂಡರೆ ಓದಿ ನೋಡಿ. "ಇನ್‌ಸ್ಟಾಗ್ರಾಮ್ ಅಂತ ಇರುವ ಮೇಲ್ ಬಂದರೆ ಕಸದ ಬುಟ್ಟಿಗೆ ಹಾಕು", "ಫೇಸ್‌ಬುಕ್‌ನಿಂದ ಬಂದದ್ದನ್ನು ಓದಿದೆ ಅಂತ ಗುರುತು ಮಾಡಿ ಬೇರೆ ಕಡೆ ಇಡು" ಅನ್ನುವ ಥರದ ಸಾಲುಗಳಿರಬಹುದು. ಕಂಪನಿ ನಿಮಗೆ ಎಚ್ಚರಿಕೆಯ ಮೇಲ್ ಕಳಿಸಿಯೇ ಇರುತ್ತದೆ, ನಿಮ್ಮ ಕಣ್ಣಿಗೆ ಬಿದ್ದಿರುವುದಿಲ್ಲ. ಫಾರ್ವರ್ಡಿಂಗ್‌ನಲ್ಲಿ ಅಪರಿಚಿತ ವಿಳಾಸ ಇದ್ದರಂತೂ ನೀವು ಪಾಸ್‌ವರ್ಡ್ ಬದಲಿಸಿದ ಮೇಲೂ ನಿಮ್ಮ ಮೇಲ್‌ಗಳ ಪ್ರತಿ ಅವನಿಗೆ ಹೋಗುತ್ತಲೇ ಇರುತ್ತದೆ. ಎಲ್ಲ ಅಳಿಸಿ. ಟ್ರ್ಯಾಶ್, ಸ್ಪ್ಯಾಮ್ ಎರಡನ್ನೂ ಒಮ್ಮೆ ಜಾಲಾಡಿ.

ಅಲ್ಲಿ ನಿಮಗೆ ಬೇಕಾದ್ದು ಸಿಗಬಹುದು. ಇನ್‌ಸ್ಟಾಗ್ರಾಮ್‌ನಲ್ಲಿ ಯಾರಾದರೂ ಇಮೇಲ್ ವಿಳಾಸ ಬದಲಿಸಿದರೆ ಹಳೇ ವಿಳಾಸಕ್ಕೆ ಒಂದು ಮೇಲ್ ಬರುತ್ತದೆ. "ಇದು ನೀವಲ್ಲದಿದ್ದರೆ ಇಲ್ಲಿ ಒತ್ತಿ ಹಿಂದಿನಂತೆ ಮಾಡಿ" ಅನ್ನುವ ಲಿಂಕ್ ಅದರಲ್ಲಿರುತ್ತದೆ. ಕಳ್ಳ ಏನೇ ಬದಲಿಸಿದ್ದರೂ ವಾಪಸ್ ತರಲು ಎಲ್ಲಕ್ಕಿಂತ ಹತ್ತಿರದ ದಾರಿ ಇದೇ. ಕಳಿಸಿದ ವಿಳಾಸ ಮೇಲ್ ಡಾಟ್ ಇನ್‌ಸ್ಟಾಗ್ರಾಮ್ ಡಾಟ್ ಕಾಮ್ ಅಂತಲೇ ಮುಗಿಯುತ್ತದಾ ನೋಡಿ. ಫೇಸ್‌ಬುಕ್‌ನ ಮೇಲ್‌ಗಳಾದರೆ ಫೇಸ್‌ಬುಕ್‌ಮೇಲ್ ಡಾಟ್ ಕಾಮ್‌ನಿಂದ ಬರುತ್ತವೆ.

ಆ ಮೇಲ್ ಸಿಗದಿದ್ದರೆ ಇನ್‌ಸ್ಟಾಗ್ರಾಮ್ ಡಾಟ್ ಕಾಮ್ ಸ್ಲ್ಯಾಶ್ ಹ್ಯಾಕ್ಡ್, ಫೇಸ್‌ಬುಕ್ ಡಾಟ್ ಕಾಮ್ ಸ್ಲ್ಯಾಶ್ ಹ್ಯಾಕ್ಡ್. ಈ ಎರಡು ಪುಟಗಳು ಇದಕ್ಕಂತಲೇ ಇವೆ. ಇನ್‌ಸ್ಟಾಗ್ರಾಮ್ ಕೆಲವು ಸಲ ವಿಡಿಯೊ ಸೆಲ್ಫಿ ಕೇಳುತ್ತದೆ. ಮುಖ ಅತ್ತ ಇತ್ತ ತಿರುಗಿಸಿ ತೋರಿಸಬೇಕು, ಖಾತೆಯಲ್ಲಿರುವ ನಿಮ್ಮ ಫೋಟೋಗಳ ಜೊತೆ ಹೋಲಿಸಿ ನೋಡುತ್ತಾರೆ. ಇಲ್ಲಿ ಅಂಗಡಿ ಪೇಜ್, ಟ್ರೋಲ್ ಪೇಜ್, ಕವಿತೆ ಪೇಜ್ ನಡೆಸುವವರಿಗೆ ಕಷ್ಟ. ಸೀರೆ ಫೋಟೋ ಸಾವಿರ ಇದ್ದರೂ ಮಾಲೀಕರ ಮುಖದ ಒಂದು ಫೋಟೋ ಇಲ್ಲದಿದ್ದರೆ ಹೋಲಿಸುವುದು ಯಾವುದರ ಜೊತೆ? ಆಗ ಖಾತೆ ಶುರು ಮಾಡಿದಾಗ ಕೊಟ್ಟ ಇಮೇಲ್, ನಂಬರ್, ಯಾವ ಥರದ ಫೋನ್‌ನಿಂದ ಶುರು ಮಾಡಿದ್ದು ಅಂತ ಕೇಳಬಹುದು. ಇವನ್ನು ಎಲ್ಲಾದರೂ ಬರೆದಿಟ್ಟುಕೊಂಡವರು ಕಡಿಮೆ.

ವಾಟ್ಸಾಪ್ ಇವೆಲ್ಲಕ್ಕಿಂತ ಸುಲಭ. ಆ್ಯಪ್ ತೆರೆದು ನಿಮ್ಮ ನಂಬರ್ ಹಾಕಿ, ಎಸ್ಸೆಮ್ಮೆಸ್‌ನಲ್ಲಿ ಬಂದ 6 ಅಂಕಿ ಹಾಕಿ. ಹಾಕಿದ ಕ್ಷಣ ಕಳ್ಳ ಲಾಗ್‌ಔಟ್. ಅವನು ಟೂ ಸ್ಟೆಪ್ ಪಿನ್ (ಎಸ್ಸೆಮ್ಮೆಸ್ ಕೋಡ್ ಆದಮೇಲೆ ಕೇಳುವ, ಬಳಸುವವರೇ ಇಟ್ಟುಕೊಂಡ ಗುಟ್ಟಿನ ಅಂಕಿ) ಇಟ್ಟಿದ್ದರೆ ನೀವು ಒಳಗೆ ಹೋಗಲು 7 ದಿನ ಕಾಯಬೇಕಾಗುತ್ತದೆ. ಇದನ್ನು ಕೇಳಿ ತುಂಬಾ ಜನ ಗಾಬರಿಯಾಗಿ ಅರ್ಧಕ್ಕೇ ಕೈಬಿಡುತ್ತಾರೆ. ಬಿಡಬೇಡಿ. ಪಿನ್ ಕೇಳುವ ಹಂತಕ್ಕೆ ಬಂದಿರಿ ಅಂದರೆ ಎಸ್ಸೆಮ್ಮೆಸ್ ಕೋಡ್ ಒಪ್ಪಿಗೆಯಾಗಿದೆ, ಕಳ್ಳ ಆಗಲೇ ಹೊರಗಿದ್ದಾನೆ. ಆ ಏಳು ದಿನ ನಿಮಗೆ ವಾಟ್ಸಾಪ್ ಇಲ್ಲ, ಅವನಿಗೂ ಇಲ್ಲ. ಒಳಗೆ ಹೋದಮೇಲೆ ಲಿಂಕ್ಡ್ ಡಿವೈಸಸ್ ತೆರೆದು ಗೊತ್ತಿಲ್ಲದ್ದನ್ನೆಲ್ಲ ತೆಗೆಯಿರಿ.

ಈ ತೆಗೆಯುವ ಕೆಲಸ ಎಲ್ಲ ಜಾಲತಾಣದಲ್ಲೂ ಬೇಕು. ಬೀಗ ಬದಲಿಸಿದ ಮಾತ್ರಕ್ಕೆ ಆಗಲೇ ಒಳಗೆ ಬಂದು ಅಟ್ಟದಲ್ಲಿ ಕೂತವನು ಹೊರಗೆ ಹೋಗುವುದಿಲ್ಲವಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಲ್ಲಿ ಅಕೌಂಟ್ಸ್ ಸೆಂಟರ್ ಒಳಗೆ ನೀವು ಎಲ್ಲೆಲ್ಲಿ ಲಾಗಿನ್ ಆಗಿದ್ದೀರಿ ಅನ್ನುವ ಪಟ್ಟಿ ಇದೆ, ಎಲ್ಲ ಕಡೆ ಲಾಗ್‌ಔಟ್ ಮಾಡಿ. ಅಲ್ಲೇ ಕಳ್ಳ ಸೇರಿಸಿದ ಇಮೇಲ್ ಅಥವಾ ನಂಬರ್ ಉಳಿದಿದೆಯಾ ನೋಡಿ. ಎಕ್ಸ್‌ನಲ್ಲಿ ಕನೆಕ್ಟೆಡ್ ಆ್ಯಪ್ಸ್ ಅಂತ ಬೇರೆ ಪಟ್ಟಿಯೇ ಇದೆ. ಪಾಸ್‌ವರ್ಡ್ ಬದಲಿಸಿದರೂ ಆ ಆ್ಯಪ್‌ಗಳ ಅನುಮತಿ ತಾನಾಗೇ ಹೋಗುವುದಿಲ್ಲ. ಫೇಸ್‌ಬುಕ್ ಪೇಜ್ ಇದ್ದವರು ಜಾಹೀರಾತು ಖಾತೆಯನ್ನೂ ನೋಡಬೇಕು. ಕಾರ್ಡ್ ಜೋಡಿಸಿಟ್ಟಿದ್ದರೆ ಕಳ್ಳರು ನಿಮ್ಮ ದುಡ್ಡಲ್ಲಿ ತಮ್ಮ ಜಾಹೀರಾತು ಓಡಿಸುತ್ತಾರೆ. ಬ್ಯಾಂಕಿಗೆ ಹೇಳಿ ಕಾರ್ಡ್ ನಿಲ್ಲಿಸುವುದು ಇಲ್ಲಿ ಫೇಸ್‌ಬುಕ್‌ನ ಉತ್ತರಕ್ಕಿಂತ ಬೇಗ ಆಗುತ್ತದೆ.

ಎಲ್ಲ ಸರಿಯಾಗಿ ಮಾಡಿದರೂ ತಡವಾಗಬಹುದು. ಗಾಯಕಿ ಶ್ರೇಯಾ ಘೋಷಾಲ್ ಅವರ ಎಕ್ಸ್ ಖಾತೆ 2025ರ ಫೆಬ್ರುವರಿ 13ರಂದು ಹೋಯಿತು, ಕೈಗೆ ವಾಪಸ್ ಸಿಕ್ಕಿದ್ದು ಏಪ್ರಿಲ್‌ನಲ್ಲಿ. ಕಂಪನಿಯಿಂದ ಬರುತ್ತಿದ್ದುದು ಯಂತ್ರದ ಉತ್ತರಗಳು ಮಾತ್ರ ಅಂತ ಅವರೇ ಹೇಳಿಕೊಂಡಿದ್ದರು. ಕೋಟಿಗಟ್ಟಲೆ ಅಭಿಮಾನಿಗಳಿರುವವರ ಪಾಡೇ ಇದು. ನಮ್ಮ ನಿಮ್ಮ ವಿಷಯದಲ್ಲಿ ತಾಳ್ಮೆ ಸ್ವಲ್ಪ ಜಾಸ್ತಿಯೇ ಬೇಕು.

ಆ ತಾಳ್ಮೆ ಕೆಟ್ಟ ಹೊತ್ತಿಗೇ ಇನ್ನೊಬ್ಬ ಬರುತ್ತಾನೆ. "ನನ್ನ ಇನ್‌ಸ್ಟಾ ಹ್ಯಾಕ್ ಆಗಿದೆ, ಸಹಾಯ ಮಾಡಿ" ಅಂತ ಎಲ್ಲಿಯಾದರೂ ಬರೆದು ನೋಡಿ. ಐದು ನಿಮಿಷದಲ್ಲಿ "ನನ್ನದೂ ಹೋಗಿತ್ತು, ಇವರು ವಾಪಸ್ ಕೊಡಿಸಿದರು" ಅಂತ ಯಾರದ್ದೋ ಹೆಸರು ಹಿಡಿದುಕೊಂಡು ಉತ್ತರಗಳು ಬರುತ್ತವೆ. ಆ "ಇವರು" ಎರಡು ಸಾವಿರ ಕೇಳುತ್ತಾರೆ, ಆಮೇಲೆ ಸಾಫ್ಟ್‌ವೇರ್‌ಗೆ ಅಂತ ಐದು ಸಾವಿರ, ಆಮೇಲೆ ಫೋನ್ ಎತ್ತುವುದಿಲ್ಲ. ಹೊರಗಿನವರು ಯಾರೂ ಕಂಪನಿಯ ಒಳಗಿನಿಂದ ಖಾತೆ ಕೊಡಿಸಲಾರರು. ಗೂಗಲ್‌ನಲ್ಲಿ ಹುಡುಕಿದರೆ ಸಿಗುವ "ಇನ್‌ಸ್ಟಾಗ್ರಾಮ್ ಕಸ್ಟಮರ್ ಕೇರ್" ಫೋನ್ ನಂಬರ್‌ಗಳೂ ಇದೇ ಜಾತಿ.

ದುಡ್ಡು ಹೋಗಿದ್ದರೆ

ಖಾತೆ ವಾಪಸ್ ಬರಲಿ ಬಿಡಲಿ, ಮೊದಲ ಅರ್ಧ ಗಂಟೆಯಲ್ಲೇ ಮಾಡಬೇಕಾದ ಕೆಲಸ ಒಂದಿದೆ. ಕಳ್ಳ ಕಳಿಸುವ ಮೆಸೇಜ್ ಸಾಮಾನ್ಯವಾಗಿ ಹೀಗಿರುತ್ತದೆ: "ಹಾಯ್, ಒಂದು ಅರ್ಜೆಂಟ್ ಇತ್ತು. ನನ್ನ ಯುಪಿಐ ವರ್ಕ್ ಆಗ್ತಿಲ್ಲ. 20 ಸಾವಿರ ಈ ನಂಬರ್‌ಗೆ ಹಾಕ್ತೀರಾ, ಸಂಜೆ ವಾಪಸ್ ಮಾಡ್ತೀನಿ." ಇದಕ್ಕೆ ಎದುರಾಗಿ ನಿಮ್ಮ ಮಾತು ಬೇಗ ತಲುಪಬೇಕು. ಮನೆಯ ಇಬ್ಬರು ಮೂವರು ತಮ್ಮ ವಾಟ್ಸಾಪ್ ಸ್ಟೇಟಸ್‌ನಲ್ಲಿ, ಕುಟುಂಬದ ಗ್ರೂಪ್‌ನಲ್ಲಿ, ಆಫೀಸ್ ಗ್ರೂಪ್‌ನಲ್ಲಿ ಹಾಕಲಿ. ವಯಸ್ಸಾದ ದೊಡ್ಡಪ್ಪ, ಅತ್ತೆ ಮುಂತಾದವರಿಗೆ ಕರೆ ಮಾಡಿಯೇ ಹೇಳಿ, ಅವರು ಪ್ರೀತಿಯಿಂದ ಮೊದಲು ಕಳಿಸುವವರು. ಗ್ರೂಪ್‌ಗಳ ಅಡ್ಮಿನ್‌ಗೆ ಹೇಳಿ ನಿಮ್ಮ ನಂಬರನ್ನು ಸದ್ಯಕ್ಕೆ ತೆಗೆಸಿ. ಮುಜುಗರ ಪಡುವ ಹೊತ್ತಲ್ಲ ಇದು.

ಯಾರಾದರೂ ಕಳಿಸಿಬಿಟ್ಟಿದ್ದರೆ ಅವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಇದು ಕೇಂದ್ರ ಗೃಹ ಸಚಿವಾಲಯದ ಸೈಬರ್ ವಂಚನೆ ಸಹಾಯವಾಣಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಿರುವಾಗಲೇ ಬ್ಯಾಂಕುಗಳಿಗೆ ತಿಳಿಸಿ ತಡೆಹಿಡಿಯುವುದು ಇದರ ಕೆಲಸ. ಎಟಿಎಂನಿಂದ ತೆಗೆದಮೇಲೆ ತಡೆಯಲು ಏನೂ ಉಳಿದಿರುವುದಿಲ್ಲ. ಹಣ ಕಳಿಸಿದ ಯುಪಿಐ ವ್ಯವಹಾರದ 12 ಅಂಕಿಯ ಯುಟಿಆರ್ ನಂಬರ್ ಕೈಯಲ್ಲಿಟ್ಟುಕೊಂಡು ಕರೆ ಮಾಡಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲೂ ದೂರು ಹಾಕಬಹುದು. ದುಡ್ಡು ಹೋಗದೆ ಖಾತೆ ಮಾತ್ರ ಹೋಗಿದ್ದರೂ ಅಲ್ಲಿ ದೂರು ದಾಖಲಿಸಿ. ನಾಳೆ ನಿಮ್ಮ ಖಾತೆಯಿಂದ ಯಾರಿಗಾದರೂ ಮೋಸವಾದರೆ, ಅದು ನೀವಲ್ಲ ಅಂತ ತೋರಿಸಲು ಈ ದೂರಿನ ಪ್ರತಿ ಬೇಕಾಗುತ್ತದೆ.

ದೂರು ಕೊಡುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದಿಡಿ. ಪ್ರೊಫೈಲ್‌ನ ಹೆಸರು ಸಾಲದು, ಅದರ ಲಿಂಕ್ ಕಾಪಿ ಮಾಡಿಕೊಳ್ಳಿ. ಹೆಸರನ್ನು ಕಳ್ಳ ಬದಲಿಸುತ್ತಾನೆ. ಪೊಲೀಸ್ ಠಾಣೆಯ ವಿಷಯ ಅಂದರೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಪರಾಧಗಳ ತನಿಖೆಯನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ. ಕರ್ನಾಟಕದ ಜಿಲ್ಲೆಗಳಲ್ಲಿ ಇಂಥದ್ದಕ್ಕೆ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗಳಿವೆ. ಬೇರೆಯವರ ಪಾಸ್‌ವರ್ಡ್, ಗುರುತು ಬಳಸಿ ಮೋಸ ಮಾಡುವುದು ಈ ಕಾಯ್ದೆಯ 66ಸಿ ಕಲಂ ಅಡಿ ಬರುತ್ತದೆ, ಬೇರೆಯವರಂತೆ ನಟಿಸಿ ವಂಚಿಸುವುದು 66ಡಿ ಅಡಿ. ಎರಡಕ್ಕೂ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ.

ಕಂಪನಿಯೇ ಕಿವಿಗೊಡದಿದ್ದರೆ? ಭಾರತದಲ್ಲಿ ಎಲ್ಲ ದೊಡ್ಡ ಜಾಲತಾಣಗಳೂ ಕುಂದುಕೊರತೆ ಅಧಿಕಾರಿಯನ್ನು ಇಡಬೇಕು ಅಂತ 2021ರ ಐಟಿ ನಿಯಮ ಹೇಳುತ್ತದೆ. ಅವರ ವಿಳಾಸ ಆಯಾ ಜಾಲತಾಣದಲ್ಲೇ ಇರುತ್ತದೆ. ಅಲ್ಲಿಗೆ ಬರೆದು ಸಮಾಧಾನವಾಗದಿದ್ದರೆ ಕೇಂದ್ರ ಸರ್ಕಾರದ ಮೇಲ್ಮನವಿ ಸಮಿತಿ ಇದೆ, ಹೆಸರು ಜಿಎಸಿ. ಅಧಿಕಾರಿಯ ಉತ್ತರ ಬಂದ 30 ದಿನದೊಳಗೆ ಆನ್‌ಲೈನ್‌ನಲ್ಲೇ ಮೇಲ್ಮನವಿ ಹಾಕಬಹುದು, ವಕೀಲರು ಬೇಕಿಲ್ಲ. ಖಾತೆ ಹೋದವರಲ್ಲಿ ಹೆಚ್ಚಿನವರಿಗೆ ಈ ಬಾಗಿಲು ಇರುವುದೇ ಗೊತ್ತಿಲ್ಲ.

ಮತ್ತೆ ಹೋಗದ ಹಾಗೆ

"ಗಟ್ಟಿ ಪಾಸ್‌ವರ್ಡ್ ಇಡಿ" ಅನ್ನುವ ಉಪದೇಶ ಎಲ್ಲರೂ ಕೇಳಿದ್ದಾರೆ. ನನ್ನ ಪ್ರಕಾರ ಗಟ್ಟಿಗಿಂತ ಬೇರೆಬೇರೆ ಇರುವುದು ಮುಖ್ಯ. ಯಾವುದೋ ಸಣ್ಣ ಶಾಪಿಂಗ್ ಜಾಲತಾಣದಿಂದ ಪಾಸ್‌ವರ್ಡ್‌ಗಳು ಸೋರಿದರೆ ಕಳ್ಳರು ಅದೇ ಜೋಡಿಯನ್ನು ಜಿಮೇಲ್‌ನಲ್ಲಿ, ಫೇಸ್‌ಬುಕ್‌ನಲ್ಲಿ ಹಾಕಿ ನೋಡುತ್ತಾರೆ. ಇಮೇಲ್‌ನ ಪಾಸ್‌ವರ್ಡ್ ಒಂದನ್ನಾದರೂ ಬೇರೆಲ್ಲೂ ಬಳಸಬೇಡಿ. ಉಳಿದದ್ದನ್ನು ಫೋನ್‌ನ ಪಾಸ್‌ವರ್ಡ್ ಮ್ಯಾನೇಜರ್ ನೆನಪಿಟ್ಟುಕೊಳ್ಳಲಿ.

ಅದರ ಮೇಲೆ ಎರಡನೇ ಹಂತದ ಪರಿಶೀಲನೆ. ಎಸ್ಸೆಮ್ಮೆಸ್‌ನಲ್ಲಿ ಬರುವ ಕೋಡ್ ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ಆದರೆ ಕಾಲ್ ಫಾರ್ವರ್ಡ್, ನಕಲಿ ಸಿಮ್, ಎಪಿಕೆ ಮೂರೂ ಅದನ್ನು ಕದಿಯಬಲ್ಲವು. ಫೋನ್ ಒಳಗೇ ಕೋಡ್ ಹುಟ್ಟಿಸಿ ತೋರಿಸುವ ಅಥೆಂಟಿಕೇಟರ್ ಆ್ಯಪ್‌ನ ಕೋಡ್ ನಂಬರ್‌ಗೆ ಅಂಟಿಕೊಂಡಿರುವುದಿಲ್ಲ, ಹಾಗಾಗಿ ಸಿಮ್ ಕದ್ದರೂ ಸಿಗುವುದಿಲ್ಲ. ಎಕ್ಸ್ ಅಂತೂ 2023ರ ಮಾರ್ಚ್‌ನಿಂದ ದುಡ್ಡು ಕಟ್ಟದವರಿಗೆ ಎಸ್ಸೆಮ್ಮೆಸ್ ಕೋಡ್ ನಿಲ್ಲಿಸಿದೆ, ಅಲ್ಲಿ ಪುಕ್ಕಟೆ ಬಳಸುವವರು ಆ್ಯಪನ್ನೇ ನೆಚ್ಚಿಕೊಳ್ಳಬೇಕು. ಇನ್ನೂ ಮುಂದಿನದು ಪಾಸ್‌ಕೀ. ಬೆರಳಚ್ಚು ಅಥವಾ ಫೋನ್ ಲಾಕ್‌ನಿಂದಲೇ ಒಳಗೆ ಹೋಗುತ್ತೀರಿ. ಇದು ನಿಜವಾದ ಜಾಲತಾಣದಲ್ಲಿ ಮಾತ್ರ ಕೆಲಸ ಮಾಡುತ್ತದೆ, ನಕಲಿ ಪುಟದಲ್ಲಿ ಕೊಡೋಣ ಅಂದರೂ ಕೊಡಲಾಗುವುದಿಲ್ಲ. ಗೂಗಲ್, ವಾಟ್ಸಾಪ್, ಫೇಸ್‌ಬುಕ್ ಮೂರರಲ್ಲೂ ಈಗ ಇದೆ. ವಾಟ್ಸಾಪ್‌ನಲ್ಲಿ 6 ಅಂಕಿಯ ಟೂ ಸ್ಟೆಪ್ ಪಿನ್ ಇವತ್ತೇ ಹಾಕಿ, ಹಾಕುವಾಗ ಅದು ಕೇಳುವ ಇಮೇಲ್ ವಿಳಾಸವನ್ನೂ ಕೊಡಿ. ಡೆಲಿವರಿ ಕರೆಯವನು ಒಟಿಪಿ ಕೇಳಿಸಿಕೊಂಡರೂ ಈ ಪಿನ್ ಅವನಿಗೆ ಗೊತ್ತಿರುವುದಿಲ್ಲ.

ಎರಡನೇ ಹಂತ ಹಾಕುವಾಗ ಬ್ಯಾಕಪ್ ಕೋಡ್‌ಗಳು ಅಂತ ಕೊಡುತ್ತಾರೆ. ಗೂಗಲ್ 10 ಕೋಡ್ ಕೊಡುತ್ತದೆ, ಒಂದೊಂದೂ ಒಂದೇ ಸಲಕ್ಕೆ. ಹೆಚ್ಚಿನವರು ಅದರ ಸ್ಕ್ರೀನ್‌ಶಾಟ್ ತೆಗೆದು ಅದೇ ಫೋನ್‌ನಲ್ಲಿಡುತ್ತಾರೆ. ಫೋನ್ ಕಳೆದರೆ ಎರಡೂ ಹೋಯಿತು. ಕಾಗದದಲ್ಲಿ ಬರೆದು ಬೀರುವಿನಲ್ಲಿ, ರೇಷನ್ ಕಾರ್ಡ್, ಪಾಸ್‌ಬುಕ್ ಇಡುವ ಕವರ್‌ನಲ್ಲಿ ಇಡಿ. ಅಂಗಡಿ ಪೇಜ್ ನಡೆಸುವವರು ಖಾತೆ ಶುರು ಮಾಡಿದ ಇಮೇಲ್, ನಂಬರ್, ತಿಂಗಳನ್ನೂ ಅಲ್ಲೇ ಬರೆದಿಡಿ. ಪೇಜ್‌ಗೆ ನಂಬಿಕಸ್ಥರೊಬ್ಬರನ್ನು ಪೂರ್ತಿ ಅಧಿಕಾರದ ಎರಡನೇ ಅಡ್ಮಿನ್ ಮಾಡಿ. ನಿಮ್ಮ ಖಾತೆ ಹೋದರೂ ಅವರು ಒಳಗಿರುತ್ತಾರೆ.

ಕೊನೆಗೆ ಹಳೇ ನಂಬರ್‌ಗಳು. ರೀಚಾರ್ಜ್ ಮಾಡದೆ ಬಿಟ್ಟ ನಂಬರ್ ನಿಂತುಹೋದರೆ, 90 ದಿನ ಕಳೆದಮೇಲೆ ಅದನ್ನು ಕಂಪನಿ ಬೇರೆಯವರಿಗೆ ಕೊಡಬಹುದು. ಕಾಲೇಜಿನಲ್ಲಿದ್ದಾಗ ಬಳಸುತ್ತಿದ್ದ ಆ ನಂಬರ್ ನಿಮ್ಮ ಫೇಸ್‌ಬುಕ್‌ಗೋ ಹಳೇ ಜಿಮೇಲ್‌ಗೋ ಇನ್ನೂ ಅಂಟಿಕೊಂಡಿದ್ದರೆ, ಪಾಸ್‌ವರ್ಡ್ ಮರೆತ ಕೋಡ್ ಈಗ ಅದನ್ನು ಕೊಂಡವರಿಗೆ ಹೋಗುತ್ತದೆ. ಅವರು ಕಳ್ಳರಾಗಿರಬೇಕೆಂದೇನೂ ಇಲ್ಲ, ಸುಮ್ನೆ ತಮ್ಮ ಹೊಸ ನಂಬರ್ ಹಾಕಿ ಫೇಸ್‌ಬುಕ್ ತೆರೆಯಲು ಹೋದರೂ ನಿಮ್ಮ ಖಾತೆ ಎದುರಿಗೆ ಬರಬಹುದು. ವಿದೇಶಕ್ಕೆ ಹೋಗಿ ಊರಿನ ಸಿಮ್ ಬಿಟ್ಟವರಿಗೆ ಇದು ಹೆಚ್ಚು ಅನ್ವಯಿಸುತ್ತದೆ. ಗೂಗಲ್, ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮೂರರ ಸೆಟ್ಟಿಂಗ್ಸ್‌ನಲ್ಲೂ ಯಾವ ನಂಬರ್ ಇದೆ ಅಂತ ಈಗಲೇ ತೆರೆದು ನೋಡಿ. ಹಳೆಯದಿದ್ದರೆ ಮೊದಲು ಹೊಸದನ್ನು ಸೇರಿಸಿ, ಅದಕ್ಕೆ ಬಂದ ಕೋಡ್ ಹಾಕಿ ಖಚಿತ ಮಾಡಿಕೊಂಡು, ಆಮೇಲೆ ಹಳೆಯದನ್ನು ತೆಗೆಯಿರಿ.